ಗುಂಡಿ ಸವೆದರೆ ಯಂತ್ರ ಸವೆದಂತಲ್ಲ

ಅಂಗಡಿಯ ಬಿಲ್ಲಿಂಗ್ ಯಂತ್ರದಲ್ಲಿ ಎಲ್ಲ ಗುಂಡಿಗಳೂ ಒಂದೇ ಸಮನೆ ಸವೆಯುವುದಿಲ್ಲ. ದಿನವಿಡೀ ಬೆರಳು ಬೀಳುವುದು ಸೊನ್ನೆಯ ಮೇಲೆ ಮತ್ತು ಮೊತ್ತದ ಗುಂಡಿಯ ಮೇಲೆ. ಟಿ.ವಿ. ರಿಮೋಟಿನಲ್ಲಿ ಧ್ವನಿಯ ಗುಂಡಿಯೂ, ಕಾರ್ಖಾನೆಯ ಸಿಎನ್‌ಸಿ ಯಂತ್ರದ ಫಲಕದಲ್ಲಿ ಬಾಣದ ಗುರುತಿನ ಗುಂಡಿಗಳೂ ಮೊದಲು ಸೋಲುತ್ತವೆ. ಮೂರು ನಾಲ್ಕು ಗುಂಡಿಗಳು ಕೈಕೊಟ್ಟ ದಿನ ಉಳಿದವು ಹೊಸದರಂತೆಯೇ ಇರುತ್ತವೆ. ಒಳಗಿನ ಮಂಡಲವೂ ಸುಸ್ಥಿತಿಯಲ್ಲಿರುತ್ತದೆ. ಆದರೂ ‘ಇನ್ನು ಇದು ಹೋಯಿತು, ಹೊಸದು ತರಿಸಿ’ ಎಂಬ ನಿರ್ಧಾರವೇ ಅನೇಕ ಕಡೆ ಮೊದಲು ಹೊರಬೀಳುತ್ತದೆ. ಈ ನಿರ್ಧಾರವನ್ನು ಲೆಕ್ಕಪತ್ರದ ಕಣ್ಣಿನಿಂದ ಒಮ್ಮೆ ಪರಿಶೀಲಿಸುವುದು ಅಗತ್ಯ.

ರಿಮೋಟ್, ಕ್ಯಾಲ್ಕ್ಯುಲೇಟರ್ ಮೊದಲಾದವುಗಳಲ್ಲಿ ಗುಂಡಿಗಳೆಲ್ಲವೂ ಸಾಮಾನ್ಯವಾಗಿ ಒಂದೇ ಸಿಲಿಕೋನ್ ರಬ್ಬರ್ ಹಾಳೆಯಲ್ಲಿರುತ್ತವೆ. ಪ್ರತಿ ಗುಂಡಿಯ ತಳದಲ್ಲಿ ಇಂಗಾಲ ಬೆರೆತ ಕಪ್ಪು ಬಿಲ್ಲೆಯೊಂದಿರುತ್ತದೆ. ಗುಂಡಿಯನ್ನು ಒತ್ತಿದಾಗ ಈ ಬಿಲ್ಲೆಯು ಕೆಳಗಿನ ಸರ್ಕಿಟ್ ಹಲಗೆಯ ಮೇಲಿರುವ ಎರಡು ಗೆರೆಗಳನ್ನು ಕೂಡಿಸುತ್ತದೆ, ವಿದ್ಯುತ್ ಹರಿಯುತ್ತದೆ. ಬೆರಳಿನ ಜಿಡ್ಡು, ಧೂಳು ಮತ್ತು ರಬ್ಬರಿನಿಂದಲೇ ನಿಧಾನವಾಗಿ ಒಸರುವ ಎಣ್ಣೆಯಂಥ ದ್ರವ ಇವು ಸೇರಿ ಇವೆರಡರ ನಡುವೆ ತೆಳುಪೊರೆಯಾಗುತ್ತವೆ. ಗಟ್ಟಿಯಾಗಿ ಒತ್ತಿದರೆ ಮಾತ್ರ ಕೆಲಸ ಮಾಡುವ ಗುಂಡಿಯಲ್ಲಿ ಹೆಚ್ಚಾಗಿ ಈ ಪೊರೆಯದೇ ದೋಷ. ಇಂಥಲ್ಲಿ ಬೇಕಾದುದು ಶುಚಿಗೊಳಿಸುವಿಕೆಯೇ ಹೊರತು ಖರೀದಿಯಲ್ಲ.

ಕ್ರಮವೂ ಕಷ್ಟದ್ದಲ್ಲ. ಮೊದಲು ಸೆಲ್ ತೆಗೆದು, ಅದು ಸೋರಿ ಸ್ಪ್ರಿಂಗಿಗೆ ಕಿಲುಬು ಹಿಡಿದಿದೆಯೇ ಎಂದು ನೋಡಬೇಕು. ಅನಂತರ ಪೆಟ್ಟಿಗೆಯನ್ನು ಬಿಚ್ಚಿ, ರಬ್ಬರ್ ಹಾಳೆಯನ್ನು ಸೋಪಿನ ನೀರಿನಲ್ಲಿ ಮೃದುವಾಗಿ ತೊಳೆದು ಪೂರ್ಣ ಒಣಗಿಸಬೇಕು. ಹಲಗೆಯನ್ನು ಐಸೊಪ್ರೊಪೈಲ್ ಆಲ್ಕೊಹಾಲ್ ತಾಕಿಸಿದ ಹತ್ತಿಯಿಂದ ಒರೆಸಿದರೆ ಸಾಕು. ಉಪ್ಪುಕಾಗದದಿಂದ ಉಜ್ಜಬಾರದು, ಉಜ್ಜಿದರೆ ಇಂಗಾಲದ ಲೇಪವೇ ಕಿತ್ತುಬರುತ್ತದೆ. ಬಿಲ್ಲೆಯೇ ಸವೆದಿದ್ದರೆ ವಿದ್ಯುದ್ವಾಹಕ ಇಂಗಾಲದ ಲೇಪನವನ್ನು ಹಚ್ಚಬಹುದು ಅಥವಾ ಹೊಸ ಬಿಲ್ಲೆಯನ್ನು ಅಂಟಿಸಬಹುದು. ಪೆನ್ಸಿಲ್ ತಿಕ್ಕುವುದು, ಅಲ್ಯೂಮಿನಿಯಂ ಹಾಳೆಯ ತುಣುಕು ಅಂಟಿಸುವುದು ತಾತ್ಕಾಲಿಕ ಉಪಾಯಗಳು. ಪೆನ್ಸಿಲ್ ಪುಡಿ ಬೇಗ ಉದುರುತ್ತದೆ, ಹಾಳೆಯ ಅಂಟು ಬಿಡುತ್ತದೆ.

ಕಾರ್ಖಾನೆಯ ಯಂತ್ರಗಳ ಫಲಕಗಳದು ಬೇರೆ ರಚನೆ. ಪಾಲಿಯೆಸ್ಟರ್ ಪದರಗಳ ಮೇಲೆ ಬೆಳ್ಳಿಯ ಶಾಯಿಯಿಂದ ಗೆರೆಗಳನ್ನು ಮುದ್ರಿಸಿದ ಮೆಂಬ್ರೇನ್ ಕೀಪ್ಯಾಡುಗಳಲ್ಲಿ ಪದೇ ಪದೇ ಒತ್ತಿದ ಜಾಗವೂ, ಪಟ್ಟಿಯು ಮಡಚಿಕೊಳ್ಳುವ ಜಾಗವೂ ಬಿರುಕು ಬಿಡುತ್ತವೆ. ಇಲ್ಲಿ ತೇಪೆಯ ಕೆಲಸ ಬಾಳಿಕೆ ಬರುವುದು ಅಪರೂಪ; ಮೇಲ್ಹೊದಿಕೆಯನ್ನು ಬದಲಿಸುವುದೇ ಸರಿ. ‘ಟಿಕ್’ ಎಂದು ಸದ್ದು ಮಾಡುವ ಪುಟ್ಟ ಸ್ವಿಚ್ಚುಗಳಿದ್ದರೆ ಅವುಗಳನ್ನು ಬೆಸುಗೆ ಬಿಡಿಸಿ ಒಂದೊಂದಾಗಿ ಬದಲಿಸಬಹುದು. ಬೆಂಗಳೂರಿನ ಎಸ್.ಪಿ. ರಸ್ತೆಯಂಥ ಮಾರುಕಟ್ಟೆಗಳಲ್ಲಿ ಇವು ಕೆಲವೇ ರೂಪಾಯಿಗಳಿಗೆ ದೊರೆಯುತ್ತವೆ.

ಎಲ್ಲವನ್ನೂ ದುರಸ್ತಿ ಮಾಡಿಸಲೇಬೇಕೆಂಬುದು ವಾದವಲ್ಲ. ಮನೆಯ ಟಿ.ವಿ.ಗೆ ಬದಲಿ ರಿಮೋಟ್ ಅಗ್ಗವಾಗಿ ಸಿಗುವಾಗ ಅದರ ರಿಪೇರಿಗೆ ದುಬಾರಿ ಕೂಲಿ ತೆರುವುದು ಮೂಗಿಗಿಂತ ಮೂಗುತಿ ಭಾರವೆಂಬಂತಾಗುತ್ತದೆ. ಆದರೆ ಉದ್ದಿಮೆಯ ಯಂತ್ರದ ಲೆಕ್ಕ ಬೇರೆ. ಉದಾಹರಣೆಗೆ, ಯಂತ್ರವೊಂದು ದಿನಕ್ಕೆ 3,000 ರೂ. ಲಾಭಾಂಶ ತರುತ್ತಿದೆಯೆಂದು ಭಾವಿಸೋಣ. ಅದರ ಕೀಪ್ಯಾಡ್ ಹೊದಿಕೆಗೆ 2,500 ರೂ., ಕೂಲಿಗೆ 500 ರೂ. ಹೊದಿಕೆ ಪರಊರಿನಿಂದ ಬರಲು 6 ದಿನ ಹಿಡಿದರೆ ಕೈತಪ್ಪಿದ ಲಾಭ 18,000 ರೂ. ಪುಸ್ತಕದಲ್ಲಿ ದಾಖಲಾಗುವುದು 3,000 ರೂ.ಗಳ ಬಿಲ್ ಮಾತ್ರ. ನಿಜವಾದ ಹೊರೆ 21,000 ರೂ. ಕಪಾಟಿನಲ್ಲಿ 2,500 ರೂ.ಗಳ ಹೊದಿಕೆಯೊಂದು ಮೊದಲೇ ಇದ್ದಿದ್ದರೆ ಆ 6 ದಿನಗಳು ಉಳಿಯುತ್ತಿದ್ದವು. ಬಿಡಿಭಾಗಕ್ಕೆ ಹಾಕಿದ ಹಣ ಸತ್ತ ಬಂಡವಾಳವೆಂದು ಹೇಳುವವರು ಈ ಲೆಕ್ಕವನ್ನು ಗಮನಿಸಬೇಕು.

ತೆರಿಗೆಯ ದೃಷ್ಟಿಯಿಂದಲೂ ವ್ಯತ್ಯಾಸವಿದೆ. ಇರುವ ಯಂತ್ರವನ್ನು ಸುಸ್ಥಿತಿಯಲ್ಲಿಡಲು ಮಾಡಿದ ಚಾಲ್ತಿ ದುರಸ್ತಿಯ ವೆಚ್ಚವನ್ನು ಆ ವರ್ಷದ ಆದಾಯದಿಂದಲೇ ಕಳೆಯಬಹುದು. ಹೊಸ ಯಂತ್ರ ಕೊಂಡರೆ ಅದು ಬಂಡವಾಳ ವೆಚ್ಚ. ವರ್ಷವರ್ಷವೂ ಸವಕಳಿಯ ರೂಪದಲ್ಲಷ್ಟೇ ಲಭ್ಯ. ಸರವಣ ಸ್ಪಿನ್ನಿಂಗ್ ಮಿಲ್ಸ್ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2007ರಲ್ಲಿ, ಇಡೀ ಯಂತ್ರವನ್ನೇ ಬದಲಿಸುವುದು ಚಾಲ್ತಿ ದುರಸ್ತಿಯಾಗದೆಂದು ಸ್ಪಷ್ಟಪಡಿಸಿತು. ಹಾಗೆಯೇ, ಜಿಎಸ್‌ಟಿ ನೋಂದಣಿಯಿದ್ದು ರಾಜಿ ತೆರಿಗೆ ಪದ್ಧತಿಯಲ್ಲಿಲ್ಲದ ವರ್ತಕರು ನೋಂದಾಯಿತ ದುರಸ್ತಿಗಾರರಿಂದ ಕ್ರಮಬದ್ಧ ಬಿಲ್ ಪಡೆದರೆ ಹೂಡುವಳಿ ತೆರಿಗೆಯ ಜಮೆಗೆ ಅರ್ಹರಾಗುತ್ತಾರೆ. ನೋಂದಣಿಯಿಲ್ಲದ ಸಣ್ಣ ದುರಸ್ತಿಗಾರನಾದರೆ, ಯಾವ ಯಂತ್ರದ ಯಾವ ಕೆಲಸವೆಂದು ಬರೆದ ವೋಚರನ್ನಾದರೂ ಸಹಿ ಮಾಡಿಸಿ ಇಟ್ಟುಕೊಳ್ಳಬೇಕು.

ದುರಸ್ತಿಯನ್ನು ಮುಂದೂಡುವುದರಲ್ಲಿ ಇನ್ನೊಂದು ಅಪಾಯವಿದೆ. ಅಂಟಿಕೊಳ್ಳುವ ಗುಂಡಿ ಒಂದು ಸೊನ್ನೆಯನ್ನು ಎರಡಾಗಿಸುತ್ತದೆ; ಸೋತ ಗುಂಡಿ ಅಂಕಿಯೊಂದನ್ನು ನುಂಗಿಬಿಡುತ್ತದೆ. 150 ಎಂಬುದು 1,500 ಆದರೆ ಗಿರಾಕಿ ಜಗಳಕ್ಕೆ ನಿಲ್ಲುತ್ತಾನೆ. 15 ಆದರೆ ಗಲ್ಲಾಪೆಟ್ಟಿಗೆ ಬರಿದಾಗುತ್ತದೆ. ತಪ್ಪು ಬಿಲ್ ತೆರಿಗೆಯ ರಿಟರ್ನಿಗೂ ಸೇರಿದರೆ ತಿದ್ದುಪಡಿಯ ಕೆಲಸ ಬೇರೆ. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದೆಂಬ ಮಾತು ವ್ಯಾಪಾರದಲ್ಲಿ ಇನ್ನೂ ನಿಜ.

ಇಷ್ಟಾದರೂ ಕೆಲವು ಯಂತ್ರಗಳಿಗೆ ಅಂಗಡಿಯವರು ಸ್ವತಃ ಸ್ಕ್ರೂಡ್ರೈವರ್ ಹಚ್ಚಬಾರದು. ಮೊದಲನೆಯದು ಎಲೆಕ್ಟ್ರಾನಿಕ್ ತಕ್ಕಡಿ. ಕಾನೂನು ಮಾಪನ ಕಾಯ್ದೆ, 2009ರ ವ್ಯವಸ್ಥೆಯಲ್ಲಿ ತೂಕದ ಯಂತ್ರವನ್ನು ಪರವಾನಗಿ ಪಡೆದ ದುರಸ್ತಿಗಾರನಿಂದಲೇ ಸರಿಪಡಿಸಬೇಕು. ಮುದ್ರೆ ಒಡೆದಿದ್ದರೆ ಮತ್ತೆ ಪರಿಶೀಲನೆ ಮಾಡಿಸಿ ಮುದ್ರೆ ಹಾಕಿಸಬೇಕು. ಎರಡನೆಯದು ಕಾರ್ಡ್ ಸ್ವೈಪ್ ಯಂತ್ರ. ಅದನ್ನು ಬಿಚ್ಚಿದೊಡನೆ ಒಳಗಿನ ಗುಪ್ತ ಸಂಕೇತಗಳು ತಾವಾಗಿಯೇ ಅಳಿಸಿಹೋಗಿ ಯಂತ್ರ ನಿರುಪಯುಕ್ತವಾಗುವಂತೆ ರಚಿಸಲಾಗಿರುತ್ತದೆ; ಅದನ್ನು ಕೊಟ್ಟ ಬ್ಯಾಂಕಿಗೇ ಒಪ್ಪಿಸಬೇಕು. ಮೂರನೆಯದು ಕ್ರೇನಿನ ನಿಯಂತ್ರಕ ಹಾಗೂ ಯಂತ್ರಗಳ ತುರ್ತು ನಿಲುಗಡೆಯ ಗುಂಡಿ. ಇಲ್ಲಿ ಕಾರ್ಮಿಕನ ಪ್ರಾಣವೇ ಪಣವಾಗಿರುವುದರಿಂದ ಮೂಲ ಗುಣಮಟ್ಟದ ಹೊಸ ಭಾಗವನ್ನೇ ಅಳವಡಿಸತಕ್ಕದ್ದು.

ಸಮಸ್ಯೆಯ ಮೂಲ ಇರುವುದು ಬಿಡಿಭಾಗಗಳ ಅಲಭ್ಯತೆಯಲ್ಲಿ. ಕೀಪ್ಯಾಡ್ ಒಂದೇ ಬೇಕೆಂದರೆ ಇಡೀ ಫಲಕವನ್ನೇ ಕೊಳ್ಳಿರೆಂಬ ಉತ್ತರ ಬರುತ್ತದೆ. ಕೇಂದ್ರ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಜುಲೈನಲ್ಲಿ ದುರಸ್ತಿಯ ಹಕ್ಕಿನ ಕುರಿತು ಸಮಿತಿ ನೇಮಿಸಿ, ಅದೇ ಡಿಸೆಂಬರಿನಲ್ಲಿ ಪೋರ್ಟಲ್ ಆರಂಭಿಸಿದ್ದು ಸ್ವಾಗತಾರ್ಹ. ಆದರೆ ಅದು ಆರಿಸಿಕೊಂಡದ್ದು ಕೃಷಿ ಉಪಕರಣ, ಮೊಬೈಲ್ ಮತ್ತಿತರ ಎಲೆಕ್ಟ್ರಾನಿಕ್ ಸಾಧನ, ಗೃಹೋಪಯೋಗಿ ವಸ್ತು, ವಾಹನ ಎಂಬ ನಾಲ್ಕು ವಲಯಗಳನ್ನು. ಸಣ್ಣ ಕಾರ್ಖಾನೆಯ ಯಂತ್ರಗಳು ಅದರಿಂದ ಹೊರಗುಳಿದಿವೆ. 2023ರ ಏಪ್ರಿಲ್ 1ರಂದು ಜಾರಿಗೆ ಬಂದ ಇ-ತ್ಯಾಜ್ಯ ನಿಯಮಗಳು ಉತ್ಪಾದಕರ ಮೇಲೆ ಮರುಬಳಕೆಯ ಹೊಣೆ ಹೊರಿಸಿವೆ. ತ್ಯಾಜ್ಯವಾದ ಮೇಲೆ ವಹಿಸುವ ಹೊಣೆಗಿಂತ ತ್ಯಾಜ್ಯವಾಗದಂತೆ ಬಿಡಿಭಾಗ ಒದಗಿಸುವ ಹೊಣೆ ಮೊದಲು ಬರಬೇಕಲ್ಲವೇ?

ಸರ್ಕಾರದ ಕಡೆ ನೋಡುತ್ತ ಕೂರುವ ಅಗತ್ಯವೂ ಇಲ್ಲ. ಖರೀದಿಯ ಆದೇಶದಲ್ಲಿಯೇ ಕೀಪ್ಯಾಡನ್ನು ಪ್ರತ್ಯೇಕ ಬಿಡಿಭಾಗವಾಗಿ ಪೂರೈಸಬೇಕೆಂದೂ, ಅದರ ಭಾಗಸಂಖ್ಯೆ, ಬೆಲೆ ತಿಳಿಸಬೇಕೆಂದೂ ಒಂದು ಷರತ್ತನ್ನು ಸೇರಿಸುವುದು ಕೊಳ್ಳುವವನ ಕೈಯಲ್ಲಿದೆ. ಒಂದೇ ಮಾದರಿಯ ಯಂತ್ರ ಬಳಸುವ ಹತ್ತು ಘಟಕಗಳು ಕೂಡಿ ಬೇಡಿಕೆಯಿಟ್ಟರೆ ಹೊದಿಕೆ ತಯಾರಿಸಿಕೊಡುವ ಸ್ಕ್ರೀನ್ ಪ್ರಿಂಟಿಂಗ್ ಘಟಕಗಳಿಗೂ ಅದು ಲಾಭದ ಕೆಲಸ. ಯಂತ್ರ ತಯಾರಿಸುವ ಸಣ್ಣ ಉದ್ದಿಮೆದಾರರೂ ಇದನ್ನು ಮನಗಾಣಬೇಕು: ಬಿಡಿಭಾಗ ಸಿಗುವ ಯಂತ್ರಕ್ಕೆ ಗಿರಾಕಿ ಮತ್ತೆ ಬರುತ್ತಾನೆ, ಒಂದು ಗುಂಡಿಗಾಗಿ ಇಡೀ ಫಲಕ ಕೊಂಡವನು ಮುಂದಿನ ಯಂತ್ರವನ್ನು ಬೇರೆಡೆ ಹುಡುಕುತ್ತಾನೆ.