"ಯವ್ವಾ, ಕೂಸಿನ್ನ ಹೊರಗ ಕರ್ಕೊಂಡ್ ಹೋಗು!"

ನಮ್ಮ ರಾಯಚೂರು ಕಡೆಯ ಚರ್ಚುಗಳಲ್ಲಿ ಬೈಬಲಿನ ಯಾವ ವಾಕ್ಯಕ್ಕಿಂತಲೂ ಹೆಚ್ಚು ಸಲ ಕೇಳಿಬರೋ ವಾಕ್ಯ ಇದೇ ಇರಬೇಕು ಅಂತ ನನ್ನ ಗುಮಾನಿ. ಪ್ರಸಂಗ ಅರ್ಧಕ್ಕೆ ಬಂದಿರುತ್ತೆ. ಹಿಂದಿನ ಸಾಲಿನಲ್ಲಿ ಒಂದು ಕೂಸು ಅಳುತ್ತೆ. ಮುಂದಿನ ಸಾಲಿನ ಹಿರಿಯರೊಬ್ಬರು ಕತ್ತು ಹೊರಳಿಸಿ ನೋಡ್ತಾರೆ, ಅಷ್ಟೇ ಸಾಕು. ಆ ಚಿಕ್ಕ ವಯಸ್ಸಿನ ತಾಯಿ ಎದ್ದು ಹೊರಗೆ ಹೋಗಿ, ಬೇವಿನ ಮರದ ಕೆಳಗೆ ಚಪ್ಪಲಿಗಳ ಪಕ್ಕ ಕೂತು ಉಳಿದ ಆರಾಧನೆ ಮುಗಿಸ್ತಾಳೆ. ಮೂರು ಭಾನುವಾರ ಹೀಗಾದ ಮೇಲೆ ನಾಲ್ಕನೇ ಭಾನುವಾರ ಬರೋದೇ ಇಲ್ಲ. ಐದನೇ ಭಾನುವಾರ ಅದೇ ಹಿರಿಯರು, "ಈಗಿನ ಹುಡುಗ್ರಿಗೆ ಭಕ್ತಿನೇ ಇಲ್ರಿ, ಬರೀ ಮೊಬೈಲು" ಅಂತಾರೆ!

ಗೆಳೆಯರೇ, ಇದು ಕ್ರೈಸ್ತರ ಮನೆಯೊಳಗಿನ ಜಗಳ, ನಮಗ್ಯಾಕೆ ಅಂತ ಪುಟ ಮುಚ್ಚಬೇಡಿ. ನಿಮ್ಮ ಮಠದಲ್ಲಿ, ಗುಡಿಯಲ್ಲಿ, ಮಸೀದಿಯಲ್ಲಿ, ಕೊನೆಗೆ ನಿಮ್ಮೂರ ಕನ್ನಡ ಸಂಘದಲ್ಲೂ ಇದೇ ನಡೀತಿರಬಹುದು. ಮುಂದಿನ ತಲೆಮಾರು ಬರ್ತಿಲ್ಲ ಅಂತ ಅಳೋರೂ ನಾವೇ, ಬಂದ ತಲೆಮಾರಿಗೆ ಬಾಗಿಲು ತೋರಿಸೋರೂ ನಾವೇ.

ಮಗು ಗದ್ದಲ ಮಾಡುತ್ತೆ, ಆರಾಧನೆಗೆ ಶಿಸ್ತು ಬೇಕು ಅನ್ನೋದು ಹಿರಿಯರ ವಾದ. ಶಿಸ್ತು ಬೇಕು, ಒಪ್ಪೋಣ. ಆದರೆ ಒಂದು ಲೆಕ್ಕ ನೋಡಿ. 2011ರ ಜನಗಣತಿಯಲ್ಲಿ ರಾಯಚೂರು ಜಿಲ್ಲೆಯ ಸಾಕ್ಷರತೆ ಶೇ. 60 ಕೂಡ ಮುಟ್ಟಿರಲಿಲ್ಲ. ಹೆಂಗಸರಲ್ಲಂತೂ ಅರ್ಧಕ್ಕಿಂತ ಕಡಿಮೆ ಜನಕ್ಕೆ ಓದು ಬರ್ತಿತ್ತು. ಹಾಗಾದರೆ ದೇವದುರ್ಗದ ಒಂದು ಹಳ್ಳಿಯ ಸಭೆಯಲ್ಲಿ ಹಾಡಿನ ಪುಸ್ತಕ ಹಿಡಿದು ಅಜ್ಜಿಗೆ, ಅವ್ವನಿಗೆ ಸಾಲು ಓದಿ ಹೇಳೋರು ಯಾರು? ಐದನೇ ಕ್ಲಾಸಿನ ಹುಡುಗಿ! "ಗದ್ದಲ" ಅಂತ ನೀವು ಹೊರಗೆ ಕಳಿಸೋದು ಆ ಮನೆಯಲ್ಲಿ ಬೈಬಲ್ ಓದಬಲ್ಲ ಒಂದೇ ಒಂದು ಜೀವವನ್ನ. ಅವಳು ಹೊರಗೆ ಹೋದರೆ ಒಳಗೆ ಉಳಿದವರ ಕೈಯಲ್ಲಿ ಪುಸ್ತಕ ಇರುತ್ತೆ, ಓದೋ ಕಣ್ಣು ಇರೋದಿಲ್ಲ.

ಇನ್ನು ಗುಳೆ. 2002ರಲ್ಲಿ ಡಾ. ನಂಜುಂಡಪ್ಪ ಸಮಿತಿ ಗುರುತಿಸಿದ 39 ಅತ್ಯಂತ ಹಿಂದುಳಿದ ತಾಲೂಕುಗಳಲ್ಲಿ ದೇವದುರ್ಗವೂ ಇತ್ತು. ಮಾನ್ವಿಗೆ ತುಂಗಭದ್ರಾ ಎಡದಂಡೆ ಕಾಲುವೆ ಇದೆ ನಿಜ, ಆದರೆ ಕಾಲುವೆಯ ಕೊನೆಭಾಗದವರಿಗೆ ನೀರು ಬಂದ ವರ್ಷವೇ ಹಬ್ಬ. ಬಾರದ ವರ್ಷ ಗಂಟುಮೂಟೆ ಕಟ್ಟಿ ಬೆಂಗಳೂರಿನ ಕಟ್ಟಡ ಕೆಲಸಕ್ಕೆ ನಡೆಯೋದೇ. ಹೋಗೋರು ಯಾರು? ಗಟ್ಟಿ ರಟ್ಟೆಯ ಗಂಡ ಹೆಂಡತಿ, ಅಂದರೆ ನಾವು "ಯುವ ಕುಟುಂಬ" ಅಂತ ಕರೀತೀವಲ್ಲ ಅವರೇ. ಕೆಲವರು ಮಕ್ಕಳನ್ನ ಅಜ್ಜಿ ಹತ್ರ ಬಿಡ್ತಾರೆ, ಕೆಲವರು ಕಂಕುಳಲ್ಲಿ ಎತ್ತಿಕೊಂಡು ಹೋಗ್ತಾರೆ. ಇಂಥವರು ಕ್ರಿಸ್‌ಮಸ್ಸಿಗೆ ಊರಿಗೆ ಬಂದು, "ಅಯ್ಯನೋರೇ, ಕೂಸಿಗೆ ದೀಕ್ಷಾಸ್ನಾನ ಮಾಡಿಸ್ರಿ" ಅಂತ ಕೇಳಿದರೆ ಮೊದಲು ತೆರೆಯೋದು ಚಂದಾ ಪುಸ್ತಕ! ಹನ್ನೊಂದು ತಿಂಗಳ ಬಾಕಿ, ಅದನ್ನ ಕಟ್ಟಿದರೆ ಮಾತ್ರ ಮುಂದಿನ ಮಾತು. ಎಲ್ಲ ಕಡೆ ಹೀಗೆ ಅಂತ ಹೇಳ್ತಿಲ್ಲ. ಆದರೆ ಆಗಿದ್ದನ್ನ ನಾನು ಕಂಡಿದ್ದೀನಿ, ಯಾವ ಸಭೆ ಅಂತ ಹೇಳೋದು ಬೇಡ. ಹನ್ನೊಂದು ತಿಂಗಳು ಶೆಡ್ಡಿನಲ್ಲಿ ಮಲಗಿದವನಿಗೆ "ಹೇಗಿದ್ದೀಯಪ್ಪಾ, ಮಗು ಹೇಗಿದೆ" ಅಂತ ಒಂದು ಫೋನ್ ಮಾಡದ ಸಭೆಗೆ ಬಾಕಿ ಕೇಳೋ ಮುಖ ಎಲ್ಲಿಂದ ಬರುತ್ತೆ?

ಹೊರಗಿನವರಿಗೆ ಗೊತ್ತಿಲ್ಲದ ಇನ್ನೊಂದು ಸಂಗತಿ ಇದೆ. ನಮ್ಮ ಕಡೆಯ ಕ್ರೈಸ್ತರಲ್ಲಿ ಬಹುಪಾಲು ದಲಿತ ಕೇರಿಯವರು. 1950ರ ರಾಷ್ಟ್ರಪತಿ ಆದೇಶದ ಪ್ರಕಾರ ಹಿಂದೂ ಅಲ್ಲದವರು ಪರಿಶಿಷ್ಟ ಜಾತಿಯಲ್ಲ. 1956ರಲ್ಲಿ ಸಿಖ್ಖರಿಗೆ, 1990ರಲ್ಲಿ ಬೌದ್ಧರಿಗೆ ಆ ಬಾಗಿಲು ತೆರೀತು, ಕ್ರೈಸ್ತರಿಗೂ ಮುಸ್ಲಿಮರಿಗೂ ಇವತ್ತಿಗೂ ತೆರೆದಿಲ್ಲ. ಮಗನನ್ನ ಶಾಲೆಗೆ ಸೇರಿಸುವಾಗ ಆ ಒಂದು ಕಾಲಮ್ಮಿನ ಮುಂದೆ ಪೆನ್ನು ಹಿಡಿದು ನಿಂತ ತಂದೆಯ ಸಂಕಟ ಯಾವ ಪ್ರಸಂಗಪೀಠಕ್ಕೂ ಕೇಳಿಸೋದಿಲ್ಲ. ಅಂಥ ತಂದೆ ಎಲ್ಲ ಲೆಕ್ಕ ಹಾಕಿಯೂ ಭಾನುವಾರ ಮಗುವನ್ನ ಎತ್ತಿಕೊಂಡು ಚರ್ಚಿಗೆ ಬಂದಿದ್ದಾನೆ ಅಂದರೆ ಅದು ಸಣ್ಣ ವಿಶ್ವಾಸವಾ? ಅವನಿಗೆ ನಾವು ಕೊಡೋ ಸ್ವಾಗತ, "ಹೊರಗ ಕರ್ಕೊಂಡ್ ಹೋಗು"!

ಇದಕ್ಕೆಲ್ಲ ಸಂಪ್ರದಾಯದ ಹೆಸರು ಬೇರೆ. ಯಾವ ಸಂಪ್ರದಾಯ ಸ್ವಾಮಿ? ರಾಯಚೂರಿನಲ್ಲಿ ಬೇರು ಬಿಟ್ಟಿರೋ ಮೆಥೋಡಿಸ್ಟರ ಮೂಲಪುರುಷ ಜಾನ್ ವೆಸ್ಲಿ 18ನೇ ಶತಮಾನದಲ್ಲೇ ತನ್ನ ಬೋಧಕರಿಗೆ ಕಟ್ಟಪ್ಪಣೆ ಮಾಡಿದ್ದ. ಹತ್ತು ಮಕ್ಕಳಿರೋ ಸಭೆಯಲ್ಲಿ ವಾರಕ್ಕೆ ಒಂದು ಗಂಟೆಯಾದರೂ ಅವರ ಜೊತೆ ಕೂರಬೇಕು, ನನಗೆ ಮಕ್ಕಳ ಜೊತೆ ಮಾತಾಡೋ ವರ ಇಲ್ಲ ಅನ್ನೋ ನೆಪವೂ ನಡೆಯೋದಿಲ್ಲ. ಕಥೋಲಿಕರಲ್ಲಿ 1910ರಲ್ಲಿ ಪೋಪ್ ಹತ್ತನೇ ಪಿಯುಸ್, ಏಳು ವರ್ಷದ ಆಸುಪಾಸಿನ ಮಕ್ಕಳಿಗೂ ಪರಮಪ್ರಸಾದ ಕೊಡಿ, ದೊಡ್ಡವರಾಗಲಿ ಅಂತ ಕಾಯಿಸಬೇಡಿ ಅಂದರು. ಇಂಗ್ಲೆಂಡಿನ ಗ್ಲಾಸ್ಟರಿನಲ್ಲಿ 1780ರಲ್ಲಿ ರಾಬರ್ಟ್ ರೈಕ್ಸ್ ಸಂಡೇ ಸ್ಕೂಲ್ ಶುರು ಮಾಡಿದ್ದು ಯಾಕೆ? ವಾರವಿಡೀ ದುಡಿಯೋ ಬಡ ಮಕ್ಕಳಿಗೆ ಭಾನುವಾರ ಮಾತ್ರ ಬಿಡುವಿತ್ತು, ಆ ದಿನವಾದರೂ ನಾಲ್ಕಕ್ಷರ ಕಲಿಯಲಿ ಅಂತ. ಹತ್ತಿ ಬಿಡಿಸೋ ಕಾಲದಲ್ಲಿ ನಮ್ಮ ಹಳ್ಳಿ ಶಾಲೆಗಳ ಹಾಜರಿ ಪುಸ್ತಕ ತೆಗೆದು ನೋಡಿ, ರೈಕ್ಸನ ಸಂಡೇ ಸ್ಕೂಲ್ ಇವತ್ತು ಎಲ್ಲಿಗೆ ಬೇಕು ಅಂತ ಗೊತ್ತಾಗುತ್ತೆ. ನಾವೋ ಅದನ್ನ ಕಂಠಪಾಠದ ಸ್ಪರ್ಧೆ, ಕ್ರಿಸ್‌ಮಸ್ ಡ್ಯಾನ್ಸು ಮಾಡಿಟ್ಟು ಕೈ ತೊಳೆದುಕೊಂಡಿದ್ದೀವಿ.

ಎಲ್ಲರೂ ಕೈ ಕಟ್ಟಿ ಕೂತಿಲ್ಲ ಅನ್ನೋದೂ ನಿಜ. ಮಾನ್ವಿಯಲ್ಲಿ, ಪನ್ನೂರಿನಲ್ಲಿ ಜೆಸ್ವಿತ್ ಪಾದ್ರಿಗಳು ಬಂದು ದಲಿತ ಮಕ್ಕಳಿಗೆ ಶಾಲೆ ಕಟ್ಟಿದರು. ಒಳ್ಳೇ ಕೆಲಸ. ಆದರೆ ಶಾಲೆಯಲ್ಲಿ ಮೊದಲ ಬೆಂಚಿಗೆ ಬಂದ ಮಗು ಚರ್ಚಿನಲ್ಲಿ ಬಾಗಿಲ ಹತ್ತಿರವೇ ಕೂರಬೇಕಾ?

"ಹೊಸ ಪ್ರಾರ್ಥನಾ ಕೂಟದವರು ನಮ್ಮ ಕುರಿ ಕದೀತಾರೆ" ಅಂತ ಗೊಣಗೋ ಹಿರಿಯರಿಗೆ ಒಂದು ಮಾತು. ಆ ಕೂಟಗಳ ಬೋಧನೆ ಬಗ್ಗೆ ನನಗೂ ತಕರಾರಿದೆ. ಆದರೆ ಅಲ್ಲಿ ಒಂದು ಜಮಖಾನ ಹಾಸಿರ್ತಾರೆ, ಕೂಸು ಅದರ ಮೇಲೆ ಅಂಬೆಗಾಲಿಡುತ್ತೆ, ಚಪ್ಪಾಳೆ ತಟ್ಟುತ್ತೆ, ಅತ್ತರೆ ಪಕ್ಕದ ಹೆಂಗಸು ಎತ್ತಿಕೊಳ್ತಾಳೆ. ನೀವೇ ಹೊರಗೆ ಕಳಿಸಿದ ಕುರಿಯನ್ನ ಯಾರೋ ಒಳಗೆ ಕರೆದರೆ ಅದನ್ನ ಕಳ್ಳತನ ಅಂತಾರಾ?

ಬೇಕಾಗಿರೋದು ಕೋಟಿ ಕಟ್ಟಡ ಏನಲ್ಲ:

1. ಮುಂದಿನ ಸಾಲು ಮಕ್ಕಳಿಗೆ, ಅವರ ತಾಯಂದಿರಿಗೆ. ಹಿರಿಯರು ಹಿಂದೆ ಕೂರಲಿ, ಮೈಕ್ ಇದೆ, ಕೇಳಿಸುತ್ತೆ.

2. ರಾಯಚೂರಿನ ಏಪ್ರಿಲ್, ಮೇ ಬಿಸಿಲಲ್ಲಿ ಮಧ್ಯಾಹ್ನ ಒಂದರವರೆಗೆ ಎಳೆಕೂಸುಗಳನ್ನ ಬೇಯಿಸಬೇಡಿ. ಬೆಳಿಗ್ಗೆ ಏಳಕ್ಕೆ ಶುರು ಮಾಡಿ, ಪ್ರಸಂಗ ಇಪ್ಪತ್ತು ನಿಮಿಷಕ್ಕೆ ಮುಗಿಸಿ. ದೇವರೇನೂ ಬೇಜಾರು ಮಾಡ್ಕೊಳ್ಳೋದಿಲ್ಲ :)

3. ವಾಕ್ಯ ಓದೋ ಸರದಿ ಶಾಲೆ ಮಕ್ಕಳಿಗೆ ಕೊಡಿ. ಅಜ್ಜಿಯರ ಮುಖ ಆಗ ನೋಡಿ.

4. ಗುಳೆ ಹೋಗೋರ ಹೆಸರು, ಫೋನ್ ನಂಬರ್, ಮಕ್ಕಳು ಯಾರ ಹತ್ರ ಇದ್ದಾರೆ ಅನ್ನೋದಕ್ಕೆ ಒಂದು ಪುಸ್ತಕ ಇಡಿ. ತಿಂಗಳಿಗೊಮ್ಮೆ ಫೋನ್ ಮಾಡಿ. ದೀಕ್ಷಾಸ್ನಾನದ ದಿನ ಚಂದಾ ಪುಸ್ತಕ ಬೀರುವಿನಲ್ಲೇ ಇರಲಿ.

ಮಕ್ಕಳನ್ನ ಕರೆತಂದವರನ್ನ ಶಿಷ್ಯರು ಗದರಿಸಿದಾಗ ಯೇಸು ಸಿಟ್ಟಾಗಿದ್ದು ಮಕ್ಕಳ ಮೇಲಲ್ಲ, ಶಿಷ್ಯರ ಮೇಲೆ. ಮಾರ್ಕನ ಸುವಾರ್ತೆಯ ಹತ್ತನೇ ಅಧ್ಯಾಯದಲ್ಲಿದೆ, ಕಮಿಟಿ ಮೀಟಿಂಗಿನಲ್ಲಿ ಒಮ್ಮೆ ಗಟ್ಟಿಯಾಗಿ ಓದಿಸಿ. ಓದೋಕೆ ಐದನೇ ಕ್ಲಾಸಿನ ಹುಡುಗಿಯನ್ನೇ ಕರೀರಿ.

ಏನಂತೀರಿ?