ಪೇಟ ತೆಗೆದು ಹೆಲ್ಮೆಟ್ ಹಾಕೋಣ



ನಾನು ದೊಡ್ಡನೆಕ್ಕುಂದಿಯ ನಿವಾಸಿ. ದಾವಣಗೆರೆ ಕಡೆಯಿಂದ ಬಂದು, ಇಲ್ಲಿನ ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದರಲ್ಲಿ ದುಡಿದು ನಿವೃತ್ತನಾದವನು. ಪ್ರತಿ ವರ್ಷ ಬಸವ ಜಯಂತಿಗೆ ನಮ್ಮ ಬಡಾವಣೆಯ ಬಂಧುಗಳು ನಡೆಸುವ ಬೈಕ್ ರ್ಯಾಲಿಯ ಹೊಣೆ ಹೊತ್ತವರಲ್ಲಿ ನಾನೂ ಒಬ್ಬ. ಆ ರ್ಯಾಲಿಯ ಬಗ್ಗೆಯೇ ಇಂದು ಬರೆಯುತ್ತಿದ್ದೇನೆ. ಇದನ್ನು ಬೇರೆಯವರ ಮೇಲಿನ ದೂರೆಂದು ತಿಳಿಯಬೇಡಿ. ಮೊದಲ ತಪ್ಪು ನನ್ನದೇ.

ನನ್ನ ಮೊಮ್ಮಗನಿಗೆ ಹದಿನಾರು ವರ್ಷ, ಮೊದಲ ಪಿಯುಸಿ. ಜನವರಿಯಲ್ಲಿ ಅವನ ಕಾಲೇಜಿನಲ್ಲಿ ರಸ್ತೆ ಸುರಕ್ಷತಾ ಮಾಸ ಆಚರಿಸಿದರು. ಪೊಲೀಸ್ ಅಧಿಕಾರಿಯೊಬ್ಬರ ಭಾಷಣವಾಯಿತು, ಮಕ್ಕಳೆಲ್ಲ ಕೈ ಚಾಚಿ ಪ್ರತಿಜ್ಞೆ ಮಾಡಿದರು, ಭಿತ್ತಿಚಿತ್ರ ಸ್ಪರ್ಧೆಯಲ್ಲಿ ನಮ್ಮ ಹುಡುಗನಿಗೆ ಬಹುಮಾನವೂ ಬಂತು. ಮೂರು ವಾರ ಕಳೆದ ಮೇಲೆ ಒಂದು ಸಂಜೆ ಮನೆಗೆ ಮೊಸರು ಬೇಕಾಯಿತು. ಸ್ಕೂಟರಿನ ಕೀಲಿ ಕೊಟ್ಟು ಕಳಿಸಿದವನು ನಾನು. ಹೊರ ವರ್ತುಲ ರಸ್ತೆಯ ಪಕ್ಕದ ಸರ್ವಿಸ್ ರಸ್ತೆಯಲ್ಲಿ ಜಲ್ಲಿಯ ಮೇಲೆ ಚಕ್ರ ಜಾರಿ ಅವನು ಬಿದ್ದ. ತಲೆಯ ಮೇಲೆ ಹೆಲ್ಮೆಟ್ ಇರಲಿಲ್ಲ. ಹಿಂದಿದ್ದ ಕ್ಯಾಬ್‌ನ ಚಾಲಕರು ಸಮಯಕ್ಕೆ ಸರಿಯಾಗಿ ಬ್ರೇಕ್ ಹಾಕಿದ್ದರಿಂದ ಭುಜದ ಮೂಳೆ ಮುರಿದದ್ದರಲ್ಲೇ ಮುಗಿಯಿತು.

ಆಸ್ಪತ್ರೆಯಲ್ಲಿ, ಪ್ರತಿಜ್ಞೆ ಮಾಡಿದವನು ಹೆಲ್ಮೆಟ್ ಯಾಕೆ ಹಾಕಲಿಲ್ಲ ಎಂದು ಗದರಿಸಿದೆ. ಅವನು ಮೆಲ್ಲಗೆ ಹೇಳಿದ: "ಅಜ್ಜ, ಹೋದ ವರ್ಷ ಜಯಂತಿ ರ್ಯಾಲಿಯಲ್ಲಿ ಎಲ್ಲರಿಗಿಂತ ಮುಂದಿನ ಬೈಕಿನಲ್ಲಿ ನೀವೇ ಕೂತಿದ್ರಲ್ಲ. ನಿಮ್ಮ ತಲೆ ಮೇಲೆ ಪೇಟ ಬಿಟ್ರೆ ಇನ್ನೇನಿತ್ತು?"

ನನ್ನಲ್ಲಿ ಉತ್ತರವಿರಲಿಲ್ಲ. ನುಡಿದಂತೆ ನಡೆಯಬೇಕೆಂದು ವಾರಕ್ಕೊಮ್ಮೆ ಮನೆಯಲ್ಲಿ ಅನುಭಾವ ಗೋಷ್ಠಿ ನಡೆಸುವ ನಾನು, ನೂರಾರು ಯುವಕರನ್ನು ಬರಿ ತಲೆಯಲ್ಲಿ, ಕೆಲವರನ್ನು ಒಂದೇ ಬೈಕಿನಲ್ಲಿ ಮೂವರಂತೆ ಕೂರಿಸಿ ಬಸವಣ್ಣನವರ ಹೆಸರಿನಲ್ಲಿ ಜಯಕಾರ ಹಾಕಿಸಿದ್ದೆ.

ಅಂಕಿ-ಅಂಶಗಳನ್ನು ಒಮ್ಮೆ ನೋಡಿ. ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ವರದಿಯ ಪ್ರಕಾರ 2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಮಂದಿ ಸತ್ತರು. ಅವರಲ್ಲಿ ಹೆಚ್ಚಿನವರು 18ರಿಂದ 45ರ ವಯಸ್ಸಿನೊಳಗಿನವರು. ಹೆಲ್ಮೆಟ್ ಧರಿಸದೆ ಸತ್ತವರೇ 50 ಸಾವಿರಕ್ಕೂ ಹೆಚ್ಚು. ಅದರಲ್ಲಿ 14 ಸಾವಿರಕ್ಕೂ ಹೆಚ್ಚು ಜನ ಗಾಡಿ ಓಡಿಸುತ್ತಿದ್ದವರಲ್ಲ, ಹಿಂದೆ ಕುಳಿತಿದ್ದವರು. ನನ್ನ ಹಾಗೆ ಪೇಟ ಸುತ್ತಿಕೊಂಡು ಹಿಂದೆ ಕೂರುವವರು ಇದನ್ನು ಗಮನಿಸಬೇಕು.

ಕಾನೂನು ಸ್ಪಷ್ಟವಾಗಿದೆ. ನಾಲ್ಕು ವರ್ಷ ಮೇಲ್ಪಟ್ಟ ಪ್ರತಿಯೊಬ್ಬರಿಗೂ ಬೈಕಿನ ಮೇಲೆ ಹೆಲ್ಮೆಟ್ ಕಡ್ಡಾಯ. ಪಗಡಿ ಧರಿಸಿದ ಸಿಖ್ಖರಿಗೆ ವಿನಾಯಿತಿ ಇದೆ, ನಮ್ಮ ಮೆರವಣಿಗೆಯ ಪೇಟಕ್ಕೆ ಇಲ್ಲ. 2019ರ ತಿದ್ದುಪಡಿಯ ನಂತರ, ಅಪ್ರಾಪ್ತ ವಯಸ್ಸಿನವನು ಗಾಡಿ ಓಡಿಸಿ ತಪ್ಪು ಮಾಡಿದರೆ ಪೋಷಕರು ಇಲ್ಲವೇ ಗಾಡಿಯ ಮಾಲೀಕರು ಅಪರಾಧಿಗಳು. ಅವರಿಗೆ ಮೂರು ವರ್ಷದವರೆಗೆ ಸೆರೆವಾಸ, 25,000 ರೂಪಾಯಿ ದಂಡ. ಗಾಡಿಯ ನೋಂದಣಿ ಒಂದು ವರ್ಷ ರದ್ದಾಗುತ್ತದೆ, ಆ ಹುಡುಗನಿಗೆ 25 ವರ್ಷ ತುಂಬುವವರೆಗೆ ಲೈಸೆನ್ಸ್ ಸಿಗುವುದಿಲ್ಲ. ಕೀಲಿ ಕೊಟ್ಟ ಕೈಗೇ ಕಾನೂನು ಶಿಕ್ಷೆ ಇಟ್ಟಿದೆ. ಅದು ನ್ಯಾಯವೇ.

ಹಾಗಾದರೆ ಶಾಲೆ-ಕಾಲೇಜುಗಳಲ್ಲಿ ನಡೆಯುವ ರಸ್ತೆ ಸುರಕ್ಷತಾ ಕಾರ್ಯಕ್ರಮಗಳು ವ್ಯರ್ಥವೇ? ವ್ಯರ್ಥವಲ್ಲ, ಆದರೆ ಅರ್ಧ. ಕಾರ್ಖಾನೆಯಲ್ಲಿ ನಾನು ಕಲಿತದ್ದನ್ನು ಹೇಳುತ್ತೇನೆ. ನಮಗೆ ಸುರಕ್ಷತೆಯ ಭಾಷಣ ವರ್ಷಕ್ಕೊಮ್ಮೆ ಇರುತ್ತಿತ್ತು. ಅದರಲ್ಲಿ ಒಂದು ಮಾತೂ ಈಗ ನೆನಪಿಲ್ಲ. ಆದರೆ ಸೂಪರ್‌ವೈಸರ್ ತಾವೇ ಕನ್ನಡಕ, ಬೂಟು ಹಾಕದೆ ಒಳಗೆ ಕಾಲಿಡುತ್ತಿರಲಿಲ್ಲ. ಗಾರ್ಡ್ ಮುಚ್ಚದಿದ್ದರೆ ಯಂತ್ರವೇ ಶುರುವಾಗುತ್ತಿರಲಿಲ್ಲ. ಹಿರಿಯರನ್ನು ನೋಡಿ ನಮ್ಮ ಕೈಗೂ ಆ ರೂಢಿ ಬಂತು. ಮಕ್ಕಳಿಗೂ ಹೀಗೆಯೇ. ಅವರಿಗೆ ಪಾಠ ಹೇಳಬೇಕಾದ್ದು ವೇದಿಕೆಗಿಂತ ಹೆಚ್ಚಾಗಿ ಮನೆಯ ಬಾಗಿಲು, ಗಾಡಿಯ ಪಕ್ಕ, ರಸ್ತೆಯ ಅಂಚು.

ಇನ್ನೊಂದು ಮಾತನ್ನೂ ನಾವು ಬಾಯಿಬಿಟ್ಟು ಆಡಬೇಕು. ಮೂಢನಂಬಿಕೆಯನ್ನು ತಿರಸ್ಕರಿಸಿದ ಶರಣರ ಮಕ್ಕಳು ನಾವು. ಆದರೂ ಹೊಸ ಬೈಕಿಗೆ ನಿಂಬೆಹಣ್ಣು-ಮೆಣಸಿನಕಾಯಿ ಕಟ್ಟುತ್ತೇವೆ. ಆಯುಧಪೂಜೆಯ ದಿನ ನಡುರಸ್ತೆಯಲ್ಲಿ ಬೂದುಗುಂಬಳಕಾಯಿ ಒಡೆದು, ಅದರ ತಿರುಳಿನ ಮೇಲೆ ಇನ್ನೊಬ್ಬರ ಮಗ ಜಾರಿ ಬೀಳುವಂತೆ ಮಾಡುತ್ತೇವೆ. ಅಪಘಾತವಾದರೆ ಹಣೆಬರಹ ಎನ್ನುತ್ತೇವೆ. ಸವೆದ ಟೈರು, ಅತಿವೇಗ, ಕಟ್ಟದ ಹೆಲ್ಮೆಟ್ ಪಟ್ಟಿ ಯಾವುದೂ ಹಣೆಬರಹವಲ್ಲ. ದೇಹವನ್ನೇ ದೇವಾಲಯವೆಂದು ಕಂಡ ಧರ್ಮದವರು ಅದನ್ನು ಹೀಗೆ ಬೀದಿಯ ಪಾಲು ಮಾಡುವುದು ಭಕ್ತಿಯಲ್ಲ.

ದಾಸೋಹದ ಮಾತೂ ಇಲ್ಲಿ ಬರುತ್ತದೆ. 2016ರ ಫೆಬ್ರುವರಿಯಲ್ಲಿ ನೆಲಮಂಗಲದ ಬಳಿ ಲಾರಿ ಹರಿದು ದೇಹ ಎರಡಾದ ಹರೀಶ್ ಎಂಬ ತರುಣ, ಆ ಸ್ಥಿತಿಯಲ್ಲೂ ತನ್ನ ಅಂಗಗಳನ್ನು ದಾನ ಮಾಡಿ ಎಂದು ಕೇಳಿಕೊಂಡದ್ದು ನಿಮಗೆ ನೆನಪಿರಬಹುದು. ಅವರ ಕಣ್ಣುಗಳು ದಾನವಾದವು. ಅದೇ ವರ್ಷ ರಾಜ್ಯ ಸರ್ಕಾರ ಅವರ ಹೆಸರಿನಲ್ಲಿ, ಗಾಯಾಳುಗಳಿಗೆ ಮೊದಲ 48 ಗಂಟೆ ಉಚಿತ ಚಿಕಿತ್ಸೆ ಕೊಡಿಸುವ ಸಾಂತ್ವನ ಹರೀಶ್ ಯೋಜನೆ ತಂದಿತು. ಗಾಯಾಳುವನ್ನು ಆಸ್ಪತ್ರೆಗೆ ಸೇರಿಸಿದವರು ತಮ್ಮ ಹೆಸರು ಹೇಳಲೇಬೇಕೆಂದು ಈಗ ಯಾರೂ ಒತ್ತಾಯಿಸುವಂತಿಲ್ಲ. ಹೀಗಿದ್ದೂ ಪೊಲೀಸರ ಭಯದಿಂದ ಮೊಬೈಲಿನಲ್ಲಿ ಚಿತ್ರ ತೆಗೆಯುತ್ತ ನಿಲ್ಲುವವರೇ ಹೆಚ್ಚು. ಬಿದ್ದವನನ್ನು ಎತ್ತುವುದು, ರಕ್ತ ನಿಲ್ಲಿಸುವುದು, 108ಕ್ಕೆ ಕರೆ ಮಾಡುವುದನ್ನು ನಮ್ಮ ಯುವಕರು ಕಲಿಯಲಿ. ಅದೂ ದಾಸೋಹವೇ.

ಪೂಜ್ಯರಲ್ಲಿ, ಬಂಧುಗಳಲ್ಲಿ ನನ್ನ ಅರಿಕೆ ಇಷ್ಟು. ನಮ್ಮ ಮಠಗಳ ಶಾಲೆ-ಕಾಲೇಜು, ವಿದ್ಯಾರ್ಥಿನಿಲಯಗಳಲ್ಲಿ ಸಾವಿರಾರು ಮಕ್ಕಳಿದ್ದಾರೆ. ಅಲ್ಲಿ ಈ ಶಿಕ್ಷಣ ಒಂದು ದಿನದ ಪ್ರತಿಜ್ಞೆಯಾಗದೆ ವರ್ಷವಿಡೀ ನಡೆಯಲಿ. ಮಕ್ಕಳನ್ನು ರಸ್ತೆಗೇ ಕರೆದೊಯ್ದು, ಲಾರಿ ಚಾಲಕರ ಕಣ್ಣಿಗೆ ಬೈಕ್ ಕಾಣದ ಜಾಗ ಯಾವುದು, ಮಳೆಯಲ್ಲಿ ಬ್ರೇಕ್ ಹಿಡಿದರೆ ಗಾಡಿ ಎಷ್ಟು ದೂರ ಹೋಗಿ ನಿಲ್ಲುತ್ತದೆ ಎಂದು ತೋರಿಸಲಿ. ಪರೀಕ್ಷೆ ಪಾಸಾದ ಹುಡುಗನಿಗೆ ಬೈಕ್ ಉಡುಗೊರೆ ಕೊಡುವವರಿಗೆ, ಲೈಸೆನ್ಸ್ ಬರುವವರೆಗೆ ತಡೆಯಿರಿ ಎಂದು ಸ್ವಾಮೀಜಿಗಳು ಆಶೀರ್ವಚನದಲ್ಲಿ ಒಂದು ಮಾತು ಹೇಳಲಿ. ಅವರ ಆ ಒಂದು ಮಾತಿಗೆ ಹತ್ತು ಭಾಷಣದ ತೂಕವಿದೆ.

ಈ ಸಲದ ಜಯಂತಿಗೆ ನಮ್ಮ ಬಡಾವಣೆಯಲ್ಲಿ ಹೀಗೆಂದು ತೀರ್ಮಾನಿಸಿದ್ದೇವೆ: ಐಎಸ್‌ಐ ಗುರುತಿನ ಹೆಲ್ಮೆಟ್ ಇಲ್ಲದ ಬೈಕಿಗೆ ರ್ಯಾಲಿಯಲ್ಲಿ ಜಾಗವಿಲ್ಲ, ಲೈಸೆನ್ಸ್ ಇಲ್ಲದವರು ನಮ್ಮೊಂದಿಗೆ ನಡೆದು ಬರಲಿ. ಜನ ಕಡಿಮೆಯಾಗುತ್ತಾರೆ, ಮೆರವಣಿಗೆಯ ಸೊಬಗು ಹೋಗುತ್ತದೆ ಎಂದು ಕೆಲವರು ಆಕ್ಷೇಪಿಸಿದ್ದಾರೆ. ಕಡಿಮೆಯಾದರೆ ಆಗಲಿ. ಬಂದವರೆಲ್ಲ ಮನೆಗೆ ಮರಳಿದರೆ ಸಾಕು.

ನನ್ನ ಮೊಮ್ಮಗ ಈ ಸಲ ನಡೆದು ಬರುತ್ತಾನೆ. ನಾನೂ ಅವನ ಜೊತೆಯಲ್ಲೇ ನಡೆಯುತ್ತೇನೆ.