ಹಿಮ್ಮಡಿ ನೋಯುವುದು ಯಾವ ಹೊತ್ತಿನಲ್ಲಿ?

ಶಾಲೆಯ ಕ್ರೀಡಾಕೂಟ ಹತ್ತಿರ ಬಂತೆಂದರೆ ಆರು, ಏಳನೆಯ ತರಗತಿಗಳಲ್ಲಿ ಒಂದು ದೂರು ಕೇಳಿಬರುತ್ತದೆ: "ಸಾರ್, ಹಿಮ್ಮಡಿ ನೋಯ್ತಿದೆ, ಓಡೋಕಾಗಲ್ಲ." ಇದಕ್ಕೆ ದೊಡ್ಡವರು ಕೊಡುವ ಉತ್ತರವೂ ಸಾಮಾನ್ಯವಾಗಿ ಒಂದೇ: "ಸೋಮಾರಿತನ, ಅದಕ್ಕೊಂದು ನೆಪ." ಅದೇ ಹುಡುಗನ ಮನೆಯಲ್ಲಿ ತಾಯಿ ಬೆಳಿಗ್ಗೆ ಹಾಸಿಗೆಯಿಂದ ಎದ್ದು ಗೋಡೆ ಹಿಡಿದು ನಾಲ್ಕು ಹೆಜ್ಜೆ ಕುಂಟುತ್ತಿರುತ್ತಾರೆ. ಅವರು ಯಾರಿಗೂ ಹೇಳುವುದಿಲ್ಲ. ವಯಸ್ಸಾಯಿತು ಎಂದು ತಾವೇ ಸಮಾಧಾನ ಮಾಡಿಕೊಳ್ಳುತ್ತಾರೆ. ಇಬ್ಬರ ನೋವೂ ನಿಜ, ಆದರೆ ಕಾರಣ ಬೇರೆ ಬೇರೆ. ನೋವು ಯಾವ ಹೊತ್ತಿನಲ್ಲಿ, ಹಿಮ್ಮಡಿಯ ಯಾವ ಭಾಗದಲ್ಲಿ ಬರುತ್ತದೆ ಎಂದು ಗಮನಿಸಿದರೆ ಅರ್ಧ ಸುಳಿವು ಸಿಕ್ಕಂತೆ.

ಮೊದಲು ಪಾದದ ರಚನೆಯನ್ನು ನೋಡೋಣ. ಒಂದು ಪಾದದಲ್ಲಿ 26 ಮೂಳೆಗಳಿವೆ. ಅವುಗಳಲ್ಲಿ ಎಲ್ಲಕ್ಕಿಂತ ದೊಡ್ಡದು ಹಿಮ್ಮಡಿಯ ಮೂಳೆ. ಮೀನಖಂಡದ ಸ್ನಾಯುಗಳು ಒಂದು ದಪ್ಪ ರಜ್ಜುವಿನ ಮೂಲಕ ಇದರ ಹಿಂಬದಿಗೆ ಅಂಟಿಕೊಂಡಿವೆ. ಇದೇ ಅಕಿಲಿಸ್ ರಜ್ಜು. ಮೂಳೆಯ ತಳಭಾಗದಿಂದ ಬೆರಳುಗಳ ಬುಡದವರೆಗೆ ಇನ್ನೊಂದು ಗಟ್ಟಿ ಪಟ್ಟಿ ಹಾಯ್ದಿದೆ. ಬಿಲ್ಲಿಗೆ ಹೆದೆ ಕಟ್ಟಿದಂತೆ ಇದು ಪಾದದ ಕಮಾನನ್ನು ಹಿಡಿದಿಟ್ಟಿದೆ. ಓಡುವಾಗ ನೆಲ ಮುಟ್ಟುವ ಪಾದದ ಮೇಲೆ ದೇಹದ ತೂಕದ ಎರಡು-ಮೂರು ಪಟ್ಟು ಬಲ ಬೀಳುತ್ತದೆ. 40 ಕಿಲೋ ತೂಗುವ ಹುಡುಗನಿಗೆ ಹೆಜ್ಜೆಗೆ 80ರಿಂದ 120 ಕಿಲೋ ಎಂದು ನೀವೇ ಲೆಕ್ಕ ಹಾಕಿ!

ಆಟದ ನಂತರ ನೋವು

ಸುಮಾರು 8ರಿಂದ 14 ವರ್ಷದ ಮಕ್ಕಳ ಹಿಮ್ಮಡಿಯ ಹಿಂಭಾಗದಲ್ಲಿ, ಇನ್ನೂ ಗಟ್ಟಿ ಮೂಳೆಯಾಗದ ಮೃದ್ವಸ್ಥಿಯ ಪದರವೊಂದು ಇರುತ್ತದೆ. ಈ ವಯಸ್ಸಿನಲ್ಲಿ ಮೂಳೆ ಬೇಗ ಉದ್ದವಾಗುತ್ತದೆ. ಸ್ನಾಯು ಮತ್ತು ರಜ್ಜು ಅಷ್ಟೇ ವೇಗದಲ್ಲಿ ಉದ್ದವಾಗುವುದಿಲ್ಲ. ಆಗ ಬಿಗಿಯಾದ ಅಕಿಲಿಸ್ ರಜ್ಜು ಆ ಮೆತ್ತನೆಯ ಜಾಗವನ್ನು ಪ್ರತಿ ಹೆಜ್ಜೆಗೂ ಜಗ್ಗುತ್ತದೆ. ಕಬಡ್ಡಿ, ಖೋಖೋ, ಓಟದ ಅಭ್ಯಾಸ ಹೆಚ್ಚಾದಾಗ ಅಲ್ಲಿ ಉರಿಯೂತ, ನೋವು. ಹಿಮ್ಮಡಿಯನ್ನು ಎರಡೂ ಪಕ್ಕದಿಂದ ಒತ್ತಿದರೆ ಮಗು "ಅಮ್ಮಾ" ಎನ್ನುತ್ತದೆ. 1912ರಲ್ಲಿ ಅಮೆರಿಕದ ವೈದ್ಯ ಜೇಮ್ಸ್ ಸೀವರ್ ಇದನ್ನು ವಿವರಿಸಿದ್ದರಿಂದ ಇದಕ್ಕೆ 'ಸೀವರ್ ಕಾಯಿಲೆ' ಎಂಬ ಹೆಸರು ಬಂತು. ಹೆಸರು ಕೇಳಿ ಗಾಬರಿಯಾಗಬೇಡಿ. ಆ ಪದರ ಮೂಳೆಯಾಗಿ ಬೆಸೆದುಕೊಂಡ ಮೇಲೆ ಈ ತೊಂದರೆ ಮರುಕಳಿಸುವುದಿಲ್ಲ.

ಅಲ್ಲಿಯವರೆಗೆ ಮಾಡಬೇಕಾದುದು ಇಷ್ಟೆ. ನೋವು ತರುವ ಓಟ, ಜಿಗಿತವನ್ನು ಕೆಲವು ವಾರ ಕಡಿಮೆ ಮಾಡಿ. ಆಟದ ನಂತರ ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನು ಹತ್ತು-ಹದಿನೈದು ನಿಮಿಷ ಇಡಿ. ತಳ ಸವೆದ ಬಿಳಿ ಕ್ಯಾನ್ವಾಸ್ ಶೂ ಬದಲಿಸಿ, ಹಿಮ್ಮಡಿಯ ಕೆಳಗೆ ಮೆತ್ತೆ ಇರುವುದನ್ನು ಕೊಡಿಸಿ. ನೆಪ ಎಂದು ಗದರಿಸಿ ಓಡಿಸಿದರೆ ವಾರಗಳಲ್ಲಿ ಹೋಗುವ ನೋವು ತಿಂಗಳುಗಟ್ಟಲೆ ಉಳಿಯುತ್ತದೆ.

ಮೊದಲ ಹೆಜ್ಜೆಯ ನೋವು

ತಾಯಿಯ ನೋವು ಅಂಗಾಲಿನ ಕಡೆಯದು. ದಿನವಿಡೀ ಗಟ್ಟಿ ನೆಲದ ಮೇಲೆ ಬರಿಗಾಲಲ್ಲಿ ನಿಂತು ಅಡುಗೆ ಮಾಡುವವರು, ಬಸ್ ನಿರ್ವಾಹಕರು, ನಮ್ಮಂಥ ಮೇಷ್ಟರುಗಳಲ್ಲಿ, ಅದರಲ್ಲೂ 40 ದಾಟಿದವರಲ್ಲಿ, ತೂಕ ಹೆಚ್ಚಿದವರಲ್ಲಿ ಇದು ಸಾಮಾನ್ಯ. ತಳದ ಪಟ್ಟಿ ಹಿಮ್ಮಡಿಗೆ ಸೇರುವ ಜಾಗ ಸವೆದು ನೋಯುತ್ತದೆ. ರಾತ್ರಿ ಮಲಗಿದಾಗ ಪಾದ ಕೆಳಮುಖವಾಗಿ ಬಾಗಿರುವುದರಿಂದ ಪಟ್ಟಿ ಬಿಗಿದುಕೊಳ್ಳುತ್ತದೆ. ಬೆಳಿಗ್ಗೆ ಕಾಲೂರಿದ ತಕ್ಷಣ ಅದು ಒಮ್ಮೆಲೇ ಹಿಗ್ಗಬೇಕು. ಅದಕ್ಕೇ ಆ ಚುಚ್ಚು. ನಾಲ್ಕು ಹೆಜ್ಜೆ ನಡೆದರೆ ಕಡಿಮೆಯಾಗುತ್ತದೆ. ಬಹಳ ಹೊತ್ತು ಕುಳಿತು ಎದ್ದರೆ ಮತ್ತೆ ಬರುತ್ತದೆ.

ಎಕ್ಸ್‌ರೇ ನೋಡಿ "ಹಿಮ್ಮಡಿಯಲ್ಲಿ ಮೂಳೆ ಬೆಳೆದಿದೆ" ಎಂದು ಹೆದರುವವರು ಬಹಳ. ಆ ಮುಳ್ಳಿನಂಥ ಮೂಳೆ ನೋವೇ ಇಲ್ಲದ ಅನೇಕರಲ್ಲೂ ಕಾಣುತ್ತದೆ. ಅದನ್ನು ಕೊರೆದು ತೆಗೆಸಲೇಬೇಕೆಂದಿಲ್ಲ. ಹೆಚ್ಚಿನವರು ಶಸ್ತ್ರಚಿಕಿತ್ಸೆ ಇಲ್ಲದೆ ವರ್ಷದೊಳಗೆ ಗುಣವಾಗುತ್ತಾರೆ. ಹಾಸಿಗೆ ಬಿಡುವ ಮೊದಲು ಕಾಲು ಚಾಚಿ ಕುಳಿತು, ಟವೆಲ್ಲನ್ನು ಪಾದದ ಮುಂಭಾಗಕ್ಕೆ ಹಾಕಿ ನಿಮ್ಮ ಕಡೆಗೆ ಎಳೆದು ಅರ್ಧ ನಿಮಿಷ ಹಿಡಿಯಿರಿ. ಹೀಗೆ ಮೂರು-ನಾಲ್ಕು ಸಲ ಮಾಡಿ. ಮನೆಯೊಳಗೂ ಮೆತ್ತನೆಯ ಚಪ್ಪಲಿ ಹಾಕಿ.

ಕಾದ ಇಟ್ಟಿಗೆಯ ಮೇಲೆ ಎಕ್ಕದ ಎಲೆ ಹಾಸಿ ಹಿಮ್ಮಡಿ ಊರುವ ಪದ್ಧತಿ ನಮ್ಮ ಕಡೆ ಇದೆ. ಶಾಖದಿಂದ ಸ್ವಲ್ಪ ಹೊತ್ತು ಹಿತವೆನಿಸಬಹುದು. ಆದರೆ ಸಕ್ಕರೆ ಕಾಯಿಲೆಯಿಂದ ಪಾದದ ಸ್ಪರ್ಶ ಕುಂದಿದವರಿಗೆ ಸುಟ್ಟದ್ದೇ ತಿಳಿಯುವುದಿಲ್ಲ; ಆ ಗಾಯ ಕಾಲಿಗೇ ಅಪಾಯ ತಂದೀತು. ಅವರು ಈ ಪ್ರಯೋಗಕ್ಕೆ ಹೋಗಲೇಬಾರದು.

ಯಾವಾಗ ವೈದ್ಯರ ಬಳಿಗೆ?

ಬಿದ್ದ ಅಥವಾ ಜಿಗಿದ ಮೇಲೆ ಕಾಲೂರಲು ಆಗದಿದ್ದರೆ. ಹಿಂಬದಿಯಲ್ಲಿ 'ಟಕ್' ಎಂದು ಸದ್ದಾಗಿ ತುದಿಗಾಲಲ್ಲಿ ನಿಲ್ಲಲಾಗದಿದ್ದರೆ. ಹಿಮ್ಮಡಿ ಊದಿ ಕೆಂಪಾಗಿ ಜ್ವರ ಬಂದರೆ ಅಂದೇ ಹೋಗಬೇಕು. ಮಲಗಿದಾಗಲೂ ನೋವು, ಜೋಮು, ಉರಿ ಇದ್ದರೆ ತಡಮಾಡಬೇಡಿ. ಸಕ್ಕರೆ ಕಾಯಿಲೆ ಇರುವವರಿಗೂ ಇದೇ ಮಾತು. ಹರೆಯದವರಲ್ಲಿ ಹಿಮ್ಮಡಿ ನೋವಿನ ಜೊತೆಗೆ ಬೆಳಿಗ್ಗೆ ಬಹಳ ಹೊತ್ತು ಸೊಂಟ ಬಿಗಿದಿದ್ದರೆ ಅದು ಸಂಧಿವಾತದ ಸೂಚನೆಯಿರಬಹುದು. ಇವಾವುವೂ ಇಲ್ಲದೆ, ಎರಡು-ಮೂರು ವಾರದ ವಿಶ್ರಾಂತಿಗೂ ನೋವು ಬಗ್ಗದಿದ್ದರೆ ಆಗಲೂ ತೋರಿಸಿ. ಅಂಗಡಿಯಿಂದ ನೋವಿನ ಮಾತ್ರೆ ತಂದು ನುಂಗಿ ದಿನ ದೂಡಬೇಡಿ.

ವಿದ್ಯಾರ್ಥಿಗಳೇ, ನಿಮಗೊಂದು ಕೆಲಸ. ಮನೆಯಲ್ಲಿ ಯಾರಿಗಾದರೂ ಹಿಮ್ಮಡಿ ನೋವಿದ್ದರೆ ಒಂದು ವಾರ ನೋಟ್‌ಬುಕ್ಕಿನಲ್ಲಿ ಬರೆದಿಡಿ: ನೋವು ಎಷ್ಟು ಹೊತ್ತಿಗೆ ಬಂತು, ಬೆರಳಿಟ್ಟು ತೋರಿಸಿದ ಜಾಗ ಯಾವುದು, ಅದಕ್ಕೆ ಮೊದಲು ಏನು ಮಾಡುತ್ತಿದ್ದರು, ಎಷ್ಟು ಹೊತ್ತು ಇತ್ತು. ವೈದ್ಯರ ಬಳಿ ಹೋಗುವಾಗ ಆ ಹಾಳೆಯನ್ನೂ, ದಿನಾ ಹಾಕುವ ಚಪ್ಪಲಿಯನ್ನೂ ತಪ್ಪದೆ ಒಯ್ಯಿರಿ.